ಮೊದಲ ಎಲ್ಕ್ ಬೇಟೆ: ಹೊರುವ ಲೆಕ್ಕದಿಂದ ಶುರುಮಾಡಿ

ಸೆಪ್ಟೆಂಬರ್ ಬಂತೆಂದರೆ ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್, ಫೋರ್ಟ್ ಕಾಲಿನ್ಸ್, ಕೊಲರಾಡೊ ಸ್ಪ್ರಿಂಗ್ಸ್ ಕಡೆಯ ಕನ್ನಡದ ಗೆಳೆಯರು ಕೇಳುವ ಪ್ರಶ್ನೆ ಒಂದೇ: "ಅಣ್ಣಾ, ಗೈಡ್ ಇಲ್ಲದೆ ನಾವೇ ಎಲ್ಕ್ ಬೇಟೆಗೆ ಹೋಗಬಹುದಾ?" ಹೋಗಬಹುದು. ಆದರೆ ಸೆಪ್ಟೆಂಬರ್‌ನಲ್ಲಿ ಕೇಳಿದರೆ ಆ ವರ್ಷಕ್ಕೆ ತಡವಾಗಿರುತ್ತದೆ. ಈ ಬೇಟೆಯ ಮುಕ್ಕಾಲು ಕೆಲಸ ನಡೆಯುವುದು ಜನವರಿಯಿಂದ ಆಗಸ್ಟ್‌ವರೆಗೆ, ಮನೆಯ ಮೇಜಿನ ಮೇಲೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಎಲ್ಕ್ ಅಂದರೆ ಯಾವ ಪ್ರಾಣಿ ಎಂಬುದು ಮೊದಲು ಸ್ಪಷ್ಟವಾಗಲಿ. ಯುರೋಪಿನಲ್ಲಿ ಎಲ್ಕ್ ಎಂದು ಕರೆಯುವುದು ಇಲ್ಲಿನ ಮೂಸ್ ಅನ್ನು. ಅದು ಬೇರೆಯೇ ಜೀವ. ಅಮೆರಿಕದ ಎಲ್ಕ್ ನಮ್ಮ ಕಡವೆಯ ಬಳಗದ್ದು, ಕಾಶ್ಮೀರದ ಹಂಗುಲ್‌ಗೆ ಇನ್ನೂ ಹತ್ತಿರದ ನೆಂಟ. ಬಲಿತ ಗಂಡು 300 ಕೆಜಿ ದಾಟುತ್ತದೆ, ಹೆಣ್ಣು 220 ಕೆಜಿ ಆಸುಪಾಸು ತೂಗುತ್ತದೆ. ಇಲ್ಲಿಯ ಪರವಾನಗಿಗಳಲ್ಲಿ ಗಂಡಿಗೆ 'ಬುಲ್', ಹೆಣ್ಣಿಗೆ 'ಕೌ' ಎಂದು ಬರೆದಿರುತ್ತದೆ. 'ಕೌ ಟ್ಯಾಗ್' ಎಂದ ಕೂಡಲೇ ಗಾಬರಿಯಾಗುವವರನ್ನು ನೋಡಿದ್ದೇನೆ. ಅದು ಹೆಣ್ಣು ಎಲ್ಕ್, ಹಸುವಲ್ಲ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧವಾಗಿದೆ, ಹಾಗಾಗಬೇಕಾದ ಕಾರಣಗಳೂ ಇದ್ದವು. ಊರಿನಲ್ಲಿ ಅಜ್ಜಂದಿರ ಮರಸಿನ, ಅಂದರೆ ಅಡಗಿ ಕೂತು ಆಡುವ ಬೇಟೆಯ, ಕತೆ ಕೇಳಿ ಬೆಳೆದವರಿಗೂ, ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನ ದಿನ ಕೋವಿಗೆ ಹೂವಿಟ್ಟು ಬೆಳೆದ ಕೊಡವ ಗೆಳೆಯರಿಗೂ ಇಲ್ಲಿನ ವ್ಯವಸ್ಥೆ ಹೊಸದು. ಕೊಲರಾಡೊದಲ್ಲಿ ಎಲ್ಕ್ ಹೆಚ್ಚುಕಡಿಮೆ ಅಳಿದೇಹೋಗಿತ್ತು. 1910ರ ದಶಕದಿಂದ ವಯೋಮಿಂಗ್‌ನಿಂದ ತಂದು ಬಿಟ್ಟು ಬೆಳೆಸಿದ್ದರಿಂದ ಇಂದು ಅಮೆರಿಕದಲ್ಲೇ ಅತಿ ಹೆಚ್ಚು ಎಲ್ಕ್ ಇರುವ ರಾಜ್ಯ ಇದು. ಆ ಸಂರಕ್ಷಣೆಯ ಖರ್ಚಿನ ದೊಡ್ಡ ಪಾಲು ಬರುವುದು ಬೇಟೆ ಪರವಾನಗಿಯ ಶುಲ್ಕದಿಂದ ಮತ್ತು 1937ರ ಕಾನೂನಿನಂತೆ ಕೋವಿ, ತೋಟಾಗಳ ಮೇಲೆ ಹಾಕುವ ತೆರಿಗೆಯಿಂದ.

ಮುಂದಿನದ್ದೆಲ್ಲ ಕೊಲರಾಡೊದ ಪಬ್ಲಿಕ್ ಲ್ಯಾಂಡ್‌ನಲ್ಲಿ, ಅಂದರೆ ಸರ್ಕಾರಿ ನೆಲದಲ್ಲಿ, ರೈಫಲ್ ಹಿಡಿದು ಹೋಗುವ ಬೇಟೆಯ ಬಗ್ಗೆ. ಬಿಲ್ಲುಬಾಣದ ಬೇಟೆ ಮೊದಲ ವರ್ಷಕ್ಕೆ ಬೇಡ ಎಂಬುದು ನನ್ನ ಅಭಿಪ್ರಾಯ. 40 ಗಜದೊಳಗೆ ಹೋಗಿ ಶುದ್ಧವಾಗಿ ಹೊಡೆಯುವ ಹದ ಬರಲು ವರ್ಷಗಳು ಬೇಕು.

ಎಲ್ಲಕ್ಕಿಂತ ಮೊದಲು ಒಂದು ಲೆಕ್ಕ

ಗಂಡು ಎಲ್ಕ್ ಬಿತ್ತು ಎಂದುಕೊಳ್ಳಿ. ಮೂಳೆ ಬಿಡಿಸಿದ ಮಾಂಸವೇ 80ರಿಂದ 100 ಕೆಜಿ. ಬೆಟ್ಟದಲ್ಲಿ ಸಾಮಾನ್ಯ ಮನುಷ್ಯ ಒಂದು ಸಲಕ್ಕೆ 20 ಕೆಜಿ ಹೊತ್ತರೆ ಅದೇ ಹೆಚ್ಚು. ಅಲ್ಲಿಗೆ ಐದು ಹೊರೆ. ಪ್ರಾಣಿ ಬಿದ್ದ ಜಾಗ ಕಾರಿನಿಂದ 1.5 ಮೈಲಿ ದೂರವಿದ್ದರೆ ಐದು ಸಲ ಹೊತ್ತು ಬರಬೇಕು, ನಡುವೆ ನಾಲ್ಕು ಸಲ ಬರಿಗೈಲಿ ವಾಪಸ್ ಹೋಗಬೇಕು. ಒಟ್ಟು 13.5 ಮೈಲಿ, ಅದೂ 10,000 ಅಡಿ ಎತ್ತರದಲ್ಲಿ. ನಾಲ್ಕು ಮೈಲಿ ದೂರವಾದರೆ ಇದೇ ಲೆಕ್ಕ 36 ಮೈಲಿಗೆ ಏರುತ್ತದೆ, ಎರಡು ಮೂರು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಬಿಸಿಲು ಬಂದರೆ ಮಾಂಸ ಹಾಳು. ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವುದು ಕೊಲರಾಡೊದಲ್ಲಿ ಅಪರಾಧ, ಅದಕ್ಕಿಂತ ಹೆಚ್ಚಾಗಿ ಆ ಜೀವಕ್ಕೆ ಮಾಡಿದ ಅನ್ಯಾಯ.

ಆದ್ದರಿಂದ ಈಡು ಎಲ್ಲಿ ಹೊಡೆಯಬೇಕು ಎಂದು ಕೇಳುವ ಮೊದಲು ಎಷ್ಟು ದೂರದಿಂದ ಹೊತ್ತು ತರಬಲ್ಲೆ ಎಂದು ಕೇಳಿಕೊಳ್ಳಿ. ಜಾಗ, ಜೊತೆಗಾರರು, ದಿನಗಳು, ಗಂಡೋ ಹೆಣ್ಣೋ ಎಲ್ಲವೂ ಈ ಒಂದು ಉತ್ತರದಿಂದ ತೀರ್ಮಾನವಾಗುತ್ತದೆ. ಮೊದಲ ಸಲದವರಿಗೆ ನಾನು ಹೇಳುವ ಮಿತಿ: ಇಬ್ಬರಿದ್ದರೆ ವಾಹನದಿಂದ 2 ಮೈಲಿ, ಒಬ್ಬರೇ ಇದ್ದರೆ 1 ಮೈಲಿ.

1. ಕಾಗದಪತ್ರ: ಜನವರಿಯಿಂದ ಮಾರ್ಚ್

ವೀಸಾದಲ್ಲಿರುವವರು ಈ ಭಾಗವನ್ನು ಎರಡು ಸಲ ಓದಿ. ಎಚ್-1ಬಿ, ಎಲ್-1, ಎಫ್-1 ಮುಂತಾದ ತಾತ್ಕಾಲಿಕ ವೀಸಾದವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಅದಕ್ಕೆ ಕೆಲವು ವಿನಾಯಿತಿಗಳಿವೆ. ನಮಗೆ ಅನ್ವಯಿಸುವುದು ಇದು: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ನಿಮ್ಮ ಕೈಯಲ್ಲಿರಬೇಕು. ಮೀನು ಹಿಡಿಯುವ ಪರವಾನಗಿ ಸಾಲದು. 'ಹೊಂದುವುದು' ಅಂದರೆ ಕೊಳ್ಳುವುದು ಮಾತ್ರವಲ್ಲ. ಸ್ನೇಹಿತನ ರೈಫಲ್ ಕೈಗೆ ತೆಗೆದುಕೊಂಡರೂ, ಶೂಟಿಂಗ್ ರೇಂಜ್‌ನಲ್ಲಿ ಬಾಡಿಗೆಗೆ ಪಡೆದರೂ ಅದು ಹೊಂದಿದಂತೆಯೇ. ಇಲ್ಲಿ ತಪ್ಪಿದರೆ ದಂಡ ಕಟ್ಟಿ ಬಿಡಿಸಿಕೊಳ್ಳುವ ಮಾತಿಲ್ಲ, ವೀಸಾಕ್ಕೇ ಕುತ್ತು. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿರ್ಬಂಧವಿಲ್ಲ. ಏನೇ ಅನುಮಾನವಿದ್ದರೂ ನಿಮ್ಮ ವಲಸೆ ವಕೀಲರನ್ನು ಒಂದು ಮಾತು ಕೇಳಿ, ಅವರ ಉತ್ತರವನ್ನು ಇಮೇಲ್‌ನಲ್ಲಿ ಪಡೆದಿಟ್ಟುಕೊಳ್ಳಿ.

ಇನ್ನೊಂದು ಹೊಂಡ ಗಾಂಜಾ. ಕೊಲರಾಡೊದಲ್ಲಿ ಅದು ರಾಜ್ಯದ ಕಾನೂನಿಗೆ ಒಪ್ಪಿತ, ಆದರೆ ಕೇಂದ್ರ ಕಾನೂನಿನಲ್ಲಿ ಅದನ್ನು ಬಳಸುವವರು ಕೋವಿ ಹೊಂದುವಂತಿಲ್ಲ. ಅಂಗಡಿಯಲ್ಲಿ ತುಂಬುವ 4473 ಎಂಬ ಅರ್ಜಿಯಲ್ಲಿ ಈ ಪ್ರಶ್ನೆಯೂ ಇದೆ, ನಿಮ್ಮ ವಲಸೆ ಸ್ಥಿತಿಯ ಪ್ರಶ್ನೆಯೂ ಇದೆ. ಸುಳ್ಳು ಬರೆದರೆ ಅದೇ ಒಂದು ದೊಡ್ಡ ಅಪರಾಧ.

ಹಂಟರ್ ಎಜುಕೇಶನ್, ಅಂದರೆ ಬೇಟೆ ಸುರಕ್ಷತೆಯ ಕೋರ್ಸ್, 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದ ಎಲ್ಲರಿಗೂ ಕಡ್ಡಾಯ. ಅದರ ಕಾರ್ಡ್ ಇಲ್ಲದೆ ಪರವಾನಗಿ ಸಿಗುವುದಿಲ್ಲ. ಆನ್‌ಲೈನ್‌ನಲ್ಲೂ ಕಲಿಯಬಹುದು. ಆದರೆ ತರಗತಿಗೆ ಹೋಗಿ ಕೂರುವುದು ಒಳ್ಳೆಯದು ಎಂದೇ ಹೇಳುತ್ತೇನೆ. ಕೋವಿಯನ್ನು ಮುಟ್ಟಿಯೇ ನೋಡದವರಿಗೆ ನಳಿಗೆ ಎತ್ತ ಇರಬೇಕು, ಬೆರಳು ಎಲ್ಲಿರಬೇಕು ಎಂಬುದು ಪರದೆಯ ಮೇಲೆ ಮನಸ್ಸಿಗೆ ಇಳಿಯುವುದಿಲ್ಲ. ತರಗತಿಗಳು ಬೇಸಿಗೆಯಲ್ಲಿ ಬೇಗ ಭರ್ತಿಯಾಗುತ್ತವೆ, ಫೆಬ್ರವರಿಯಲ್ಲೇ ಮುಗಿಸಿ.

2. ಪರವಾನಗಿ: ಏಪ್ರಿಲ್ ಮೊದಲ ಮಂಗಳವಾರ

ಎಲ್ಲವನ್ನೂ ನೋಡಿಕೊಳ್ಳುವ ಇಲಾಖೆ ಕೊಲರಾಡೊ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್, ಜನರ ಬಾಯಲ್ಲಿ ಸಿಪಿಡಬ್ಲ್ಯೂ. ರಾಜ್ಯವನ್ನು ಅದು ಜಿಎಂಯು ಎಂಬ ಅಂಕಿ ಹಾಕಿದ ಬೇಟೆ ವಲಯಗಳಾಗಿ ಹಂಚಿದೆ. ಪರವಾನಗಿ ಸಿಗುವುದು ಎರಡು ದಾರಿಯಲ್ಲಿ.

ಮೊದಲನೆಯದು ಡ್ರಾ, ಅಂದರೆ ಲಾಟರಿ. ಅರ್ಜಿಯ ಕೊನೆಯ ದಿನ ಏಪ್ರಿಲ್ ತಿಂಗಳ ಮೊದಲ ಮಂಗಳವಾರ. ಮೊದಲ ಆಯ್ಕೆ ಸಿಗದಿದ್ದರೆ ಒಂದು 'ಪ್ರಿಫರೆನ್ಸ್ ಪಾಯಿಂಟ್' ಸೇರುತ್ತದೆ. ಮುಂದಿನ ವರ್ಷ ಹೆಚ್ಚು ಪಾಯಿಂಟ್ ಇದ್ದವರಿಗೆ ಆದ್ಯತೆ. ಅರ್ಜಿ ಹಾಕುವ ಮೊದಲೇ ಒಂದು 'ಅರ್ಹತಾ ಪರವಾನಗಿ' ಕೊಂಡಿರಬೇಕು ಎಂಬುದು ಅನೇಕರಿಗೆ ಕೊನೆಯ ರಾತ್ರಿ ಗೊತ್ತಾಗುತ್ತದೆ. ಇಲ್ಲಿನ ನಿವಾಸಿಗಳಿಗೆ ವಾರ್ಷಿಕ ಸ್ಮಾಲ್ ಗೇಮ್ ಪರವಾನಗಿ, ಅಂದರೆ ಮೊಲ, ಹಕ್ಕಿಗಳಂಥ ಸಣ್ಣ ಬೇಟೆಯದ್ದು, ಆ ಕೆಲಸ ಮಾಡುತ್ತದೆ. ವೀಸಾದವರಿಗೆ ಮೇಲೆ ಹೇಳಿದ ವಿನಾಯಿತಿಗೂ ಅದೇ ಆಧಾರ. ಆದರೆ ಅದರ ಅವಧಿ ಮಾರ್ಚ್ 1ರಿಂದ ಮುಂದಿನ ವರ್ಷದ ಮಾರ್ಚ್ 31ರವರೆಗೆ ಮಾತ್ರ. ನವೀಕರಿಸಲು ಮರೆತರೆ ಏಪ್ರಿಲ್ 1ರ ಬೆಳಗ್ಗೆ ನಿಮ್ಮ ಮನೆಯ ಬೀರುವಿನಲ್ಲಿರುವ ರೈಫಲ್ ಕಾನೂನುಬಾಹಿರವಾಗಿಬಿಡುತ್ತದೆ. ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿಡಿ.

ಎರಡನೆಯದು ಒಟಿಸಿ, 'ಓವರ್ ದ ಕೌಂಟರ್', ಲಾಟರಿ ಇಲ್ಲದೆ ನೇರ ಕೊಳ್ಳುವ ಪರವಾನಗಿ. 2025ರಲ್ಲಿ ಎರಡನೇ ಮತ್ತು ಮೂರನೇ ರೈಫಲ್ ಸೀಸನ್‌ಗೆ, ಅಂದರೆ ಅಕ್ಟೋಬರ್ ಕೊನೆ ಮತ್ತು ನವೆಂಬರ್ ಮೊದಲರ್ಧಕ್ಕೆ, ಅನೇಕ ವಲಯಗಳಲ್ಲಿ ಗಂಡು ಎಲ್ಕ್ ಪರವಾನಗಿ ಹೀಗೆ ಸಿಗುತ್ತಿತ್ತು. ಬಿಲ್ಲುಬಾಣದ್ದು ಹೊರರಾಜ್ಯದವರಿಗೆ ಅದೇ ವರ್ಷ ಲಾಟರಿಗೆ ಹೋಯಿತು. ನಿಯಮ ಹೀಗೆ ಬದಲಾಗುತ್ತಲೇ ಇರುತ್ತದೆ. ಹಾಗಾಗಿ ಮೂರು ವರ್ಷದ ಹಿಂದಿನ ವಿಡಿಯೊ ನಂಬಿ ರಜೆ ಹಾಕಬೇಡಿ, ಆ ವರ್ಷದ ಸಿಪಿಡಬ್ಲ್ಯೂ ಬಿಗ್ ಗೇಮ್ ಕೈಪಿಡಿಯನ್ನು ಮೊದಲ ಪುಟದಿಂದ ಓದಿ.

ಖರ್ಚಿನಲ್ಲಿ ಆಕಾಶಪಾತಾಳ ವ್ಯತ್ಯಾಸವಿದೆ. ನಿವಾಸಿಗೆ ಎಲ್ಕ್ ಪರವಾನಗಿ 60-70 ಡಾಲರ್ ಆಸುಪಾಸು, ಹೊರಗಿನವರಿಗೆ 800 ಡಾಲರ್ ಆಸುಪಾಸು. ನಿವಾಸಿ ಎನಿಸಿಕೊಳ್ಳಲು ಆರು ತಿಂಗಳು ಸತತವಾಗಿ ಇಲ್ಲಿ ನೆಲೆಸಿರಬೇಕು.

ನನ್ನ ಸಲಹೆ ಹೆಣ್ಣಿನ ಪರವಾನಗಿ. ಗಂಡಿಗೆ ಕೊಂಬಿನ ನಿಯಮವಿದೆ: ಹೆಚ್ಚಿನ ವಲಯಗಳಲ್ಲಿ ಒಂದು ಕೊಂಬಿಗೆ ಕನಿಷ್ಠ 4 ಕವಲು ಇರಬೇಕು, ಇಲ್ಲವೇ ಹುಬ್ಬಿನ ಮೇಲಿನ ಕವಲು ಕನಿಷ್ಠ 5 ಅಂಗುಲ ಉದ್ದವಿರಬೇಕು. ಮುಂಜಾನೆಯ ಮಸುಕಿನಲ್ಲಿ, ಎದೆ ಡವಗುಟ್ಟುವಾಗ ಕವಲು ಎಣಿಸುವುದು ಸುಲಭವಲ್ಲ. ಹೆಣ್ಣಿನಲ್ಲಿ ಆ ಗೋಜಿಲ್ಲ, ಹೊರೆ ಒಂದೆರಡು ಕಡಿಮೆ, ಮಾಂಸವೂ ಎಳಸು. ಕೊಂಬಿನ ಆಸೆ ಇದ್ದವರು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ.

3. ಜಾಗ: ಏಪ್ರಿಲ್‌ನಿಂದ ಜುಲೈ

ಬೇಟೆಗೆ ತೆರೆದ ಸರ್ಕಾರಿ ನೆಲದಲ್ಲಿ ದೊಡ್ಡವು ಎರಡು: ನ್ಯಾಷನಲ್ ಫಾರೆಸ್ಟ್ ಮತ್ತು ಬಿಎಲ್‌ಎಂ, ಅಂದರೆ ಕೇಂದ್ರ ಭೂನಿರ್ವಹಣಾ ಸಂಸ್ಥೆಯ ಬಯಲು. ಇವೆರಡರಲ್ಲೂ ನಡೆದು ಹೋಗಲು ಯಾರ ಅಪ್ಪಣೆಯೂ ಬೇಡ. ನ್ಯಾಷನಲ್ ಪಾರ್ಕ್ ಬೇರೆ. ರಾಕಿ ಮೌಂಟನ್ ನ್ಯಾಷನಲ್ ಪಾರ್ಕ್‌ನಲ್ಲಿ ರಸ್ತೆಯ ಬದಿಯಲ್ಲೇ ಎಲ್ಕ್ ಮೇಯುತ್ತಿರುತ್ತವೆ, ಅಲ್ಲಿ ಬೇಟೆ ಇಲ್ಲ. ಸ್ಟೇಟ್ ಟ್ರಸ್ಟ್ ಲ್ಯಾಂಡ್ ಎಂದು ನಕ್ಷೆಯಲ್ಲಿ ಕಂಡರೆ ಅದು ತಾನಾಗಿ ತೆರೆದಿದೆ ಎಂದುಕೊಳ್ಳಬೇಡಿ. ಇಲಾಖೆಯ ಸಾರ್ವಜನಿಕ ಪ್ರವೇಶ ಯೋಜನೆಗೆ ಸೇರಿದ ತುಂಡುಗಳು ಮಾತ್ರ ತೆರೆದಿರುತ್ತವೆ. ಪಕ್ಕದ ವಯೋಮಿಂಗ್‌ಗೆ ಹೋಗುವ ಯೋಚನೆ ಇದ್ದವರಿಗೆ ಒಂದು ಎಚ್ಚರಿಕೆ: ಅಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ವಿಲ್ಡರ್‌ನೆಸ್ ಪ್ರದೇಶಗಳಲ್ಲಿ ಹೊರರಾಜ್ಯದವರು ಗೈಡ್ ಅಥವಾ ಅಲ್ಲಿನ ನಿವಾಸಿಯ ಜೊತೆಯಿಲ್ಲದೆ ಎಲ್ಕ್‌ನಂಥ ದೊಡ್ಡ ಬೇಟೆ ಆಡುವಂತಿಲ್ಲ.

ವಿಲ್ಡರ್‌ನೆಸ್ ಅಂದರೆ ಯಂತ್ರ, ಚಕ್ರ ಯಾವುದೂ ಇಲ್ಲದ ಕಾಡು. ಮಾಂಸ ಎಳೆಯುವ ಎರಡು ಚಕ್ರದ ಗಾಡಿಗೂ ಪ್ರವೇಶವಿಲ್ಲ. ನಿಮ್ಮ ಹೊರುವ ಲೆಕ್ಕ ಇಲ್ಲಿ ಮತ್ತೆ ಬರುತ್ತದೆ. ಮೀಕರ್ ಪಟ್ಟಣದ ಪೂರ್ವಕ್ಕೆ, ವೈಟ್ ರಿವರ್ ನ್ಯಾಷನಲ್ ಫಾರೆಸ್ಟ್‌ನಲ್ಲಿರುವ ಫ್ಲ್ಯಾಟ್ ಟಾಪ್ಸ್ ವಿಲ್ಡರ್‌ನೆಸ್ ರಾಜ್ಯದ ಅತಿದೊಡ್ಡ ಎಲ್ಕ್ ಹಿಂಡಿನ ಬೀಡು. ಅದರ ಹೆಸರು ಕೇಳಿದ ಕೂಡಲೇ ಒಳಗೆ ಆರು ಮೈಲಿ ಹೋಗಬೇಕೆಂದು ಎಲ್ಲರಿಗೂ ಅನ್ನಿಸುತ್ತದೆ. ಕುದುರೆ ಇದ್ದವರು ಹೋಗಲಿ. ನೀವು ಅದರ ಅಂಚಿನಲ್ಲಿ, ವಾಹನ ಹೋಗುವ ಮಣ್ಣುರಸ್ತೆಯಿಂದ ಒಂದೂವರೆ ಮೈಲಿ ಒಳಗೆ, ಜನ ಇಳಿಯಲು ಬೇಸರಪಡುವ ಕಡಿದಾದ ಕಮರಿಯೊಂದನ್ನು ಹುಡುಕಿ. ಹೆಚ್ಚಿನ ಬೇಟೆಗಾರರು ರಸ್ತೆ ಮತ್ತು ಕಾಲುದಾರಿಗೆ ಅಂಟಿಕೊಂಡೇ ಇರುತ್ತಾರೆ, ಎಲ್ಕ್‌ಗಳಿಗೆ ಅದು ಚೆನ್ನಾಗಿ ಗೊತ್ತು.

ನಕ್ಷೆಯಲ್ಲಿ ಹುಡುಕಬೇಕಾದದ್ದು ಮೂರು ಸಂಗತಿ ಒಂದೆಡೆ ಸೇರುವ ಜಾಗ. ಮೇಯಲು ಹುಲ್ಲುಗಾವಲು ಅಥವಾ ಆಸ್ಪೆನ್ ತೋಪು; ಹಗಲು ಮಲಗಲು ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನ ದಟ್ಟ ಸ್ಪ್ರೂಸ್ ಕಾಡು; ಹತ್ತಿರದಲ್ಲೇ ನೀರು. ಕಡಿದಾದ ಇಳಿಜಾರಿನ ನಡುವೆ ಮೆಟ್ಟಿಲಿನಂತೆ ಸಮತಟ್ಟಾದ ಪಟ್ಟಿಯೊಂದು ಕಂಡರೆ ಗುರುತು ಹಾಕಿ, ಎಲ್ಕ್ ಮಲಗುವುದು ಅಂಥಲ್ಲೇ. ಸಿಪಿಡಬ್ಲ್ಯೂ ಹಂಟಿಂಗ್ ಅಟ್ಲಾಸ್ ಉಚಿತ. ಫಾರೆಸ್ಟ್ ಸರ್ವೀಸ್‌ನ ಮೋಟಾರು ವಾಹನ ನಕ್ಷೆಯೂ ಉಚಿತ. ಯಾವ ರಸ್ತೆ ಯಾವ ತಿಂಗಳವರೆಗೆ ತೆರೆದಿರುತ್ತದೆ ಎಂಬುದು ಅದರಲ್ಲಿದೆ. ಖಾಸಗಿ ಜಮೀನಿನ ಗಡಿ ತೋರಿಸುವ ಆನ್‌ಎಕ್ಸ್‌ನಂಥ ಫೋನ್ ನಕ್ಷೆಗೆ ದುಡ್ಡು ಕೊಡಬೇಕು, ಕೊಡಿ. ಸಿಗ್ನಲ್ ಇಲ್ಲದೆಡೆ ಬಳಸಲು ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಅತಿಕ್ರಮಣ ಇಲ್ಲಿ ಸಣ್ಣ ತಪ್ಪಲ್ಲ.

ಒಂದು ಜಾಗ ಸಾಲದು, ಐದು ಗುರುತಿಸಿ. ಮೊದಲ ಬೆಳಗ್ಗೆ ನಿಮ್ಮ ಜಾಗದಲ್ಲಿ ನಾಲ್ಕು ಪಿಕಪ್ ಟ್ರಕ್ ನಿಂತಿರುವುದನ್ನು ಕಂಡು ದಿನವೆಲ್ಲ ರಸ್ತೆಯಲ್ಲಿ ಅಲೆದವರು ಬಹಳ ಜನ.

4. ಕೋವಿ ಮತ್ತು ಕಾಲು: ಬೇಸಿಗೆ

ಎಲ್ಕ್‌ಗೆ ಕಾನೂನಿನ ಕನಿಷ್ಠ ಮಟ್ಟ .24 ಕ್ಯಾಲಿಬರ್ (ನಳಿಗೆಯ ಒಳ ಅಗಲ 0.24 ಅಂಗುಲ) ಸೆಂಟರ್‌ಫೈರ್ ರೈಫಲ್, 85 ಗ್ರೇನ್ (ಸುಮಾರು 5.5 ಗ್ರಾಂ) ತೂಕದ, ತಾಗಿದಾಗ ಅರಳುವ ಗುಂಡು. ವಾಸ್ತವದಲ್ಲಿ .270, .308 ಅಥವಾ .30-06 ಕೊಳ್ಳಿ. ಹೆಚ್ಚು ಮದ್ದು ತುಂಬಿದ ತೋಟಾದ ದೊಡ್ಡ ಮ್ಯಾಗ್ನಮ್ ಬೇಡ. ಭುಜಕ್ಕೆ ಬೀಳುವ ಹೊಡೆತಕ್ಕೆ ಹೆದರಿ ಟ್ರಿಗರ್ ಎಳೆಯುವಾಗ ಕಣ್ಣು ಮುಚ್ಚುವ ಚಾಳಿ ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ. ಕೊಲರಾಡೊದಲ್ಲಿ ಕೋವಿ ಕೊಂಡ ಮೇಲೆ ಕೈಗೆ ಸಿಗಲು ಕನಿಷ್ಠ ಮೂರು ದಿನ ಕಾಯಬೇಕು, ಆದ್ದರಿಂದ ಸೀಸನ್ ಹಿಂದಿನ ವಾರ ಅಂಗಡಿಗೆ ಹೋಗಬೇಡಿ.

ರೇಂಜ್‌ನಲ್ಲಿ ಬೆಂಚಿನ ಮೇಲೆ ಮರಳುಚೀಲ ಇಟ್ಟು ಹೊಡೆದದ್ದು ಅಭ್ಯಾಸವಲ್ಲ, ಅದು ದೂರದರ್ಶಕದ ಹೊಂದಾಣಿಕೆ ಅಷ್ಟೇ. ಮಂಡಿಯೂರಿ, ಕುಳಿತು, ಬ್ಯಾಗಿನ ಮೇಲೆ ಒರಗಿಸಿ ಹೊಡೆಯಿರಿ. 50 ಮೀಟರ್ ಓಡಿ ಬಂದು ಏದುಸಿರಿನಲ್ಲೇ ಹೊಡೆದು ನೋಡಿ. ಊಟದ ತಟ್ಟೆಯಷ್ಟು ಗುರಿಗೆ ಹತ್ತಕ್ಕೆ ಹತ್ತು ಬೀಳುವ ದೂರವೇ ನಿಮ್ಮ ಮಿತಿ. ಹೆಚ್ಚಿನ ಹೊಸಬರಿಗೆ ಅದು 200 ಗಜ. ವಿಡಿಯೊಗಳಲ್ಲಿ ಕಾಣುವ 600 ಗಜದ ಈಡುಗಳನ್ನು ಮರೆತುಬಿಡಿ. ಗಾಯಗೊಂಡು ಓಡಿದ ಪ್ರಾಣಿಯ ನೋವು ಆ ವಿಡಿಯೊಗಳಲ್ಲಿ ಕಾಣುವುದಿಲ್ಲ.

ಕಾಲಿಗೆ: ಜೂನ್‌ನಿಂದ ವಾರಕ್ಕೆರಡು ಸಲ ಬೆನ್ನಿಗೆ 20 ಕೆಜಿ ಅಕ್ಕಿಮೂಟೆ ಹಾಕಿ ಬೆಟ್ಟ ಹತ್ತಿ. ಏರುವುದಕ್ಕಿಂತ ಇಳಿಯುವಾಗ ಮಂಡಿಗೆ ಏಟು ಹೆಚ್ಚು, ಎರಡನ್ನೂ ಅಭ್ಯಾಸ ಮಾಡಿ. ಸಮುದ್ರಮಟ್ಟದ ಊರುಗಳಿಂದ ಬರುವವರು ಎರಡು ದಿನ ಮೊದಲೇ ಬಂದು ಎತ್ತರಕ್ಕೆ ಒಗ್ಗಿಕೊಳ್ಳಿ. ತಲೆನೋವು, ವಾಂತಿ ಬಂದರೆ ಮೇಲೆ ಹತ್ತುವುದನ್ನು ನಿಲ್ಲಿಸಿ. ಕೂತಲ್ಲೇ ಉಸಿರು ಕಟ್ಟಿದರೆ, ಕೆಮ್ಮಿನಲ್ಲಿ ಗುಳುಗುಳು ಸದ್ದು ಬಂದರೆ ಅದು ಶ್ವಾಸಕೋಶಕ್ಕೆ ನೀರು ತುಂಬುವ ಲಕ್ಷಣ. ರಾತ್ರಿಯಾದರೂ ಕೆಳಗಿಳಿಯಿರಿ, ಬೆಳಗಾಗಲಿ ಎಂದು ಕಾಯಬೇಡಿ.

5. ಕಣ್ಣಾರೆ ನೋಡಿ ಬರುವುದು: ಆಗಸ್ಟ್

ಒಂದು ವಾರಾಂತ್ಯ ಸಾಕು. ಹಿಕ್ಕೆ, ಗೊರಸಿನ ಗುರುತು, ಗಂಡು ಕೊಂಬು ತಿಕ್ಕಿ ಸಿಪ್ಪೆ ಸುಲಿದ ಮರ, ಕೆಸರಿನಲ್ಲಿ ಹೊರಳಿದ ಹೊಂಡ ನೋಡಿಕೊಳ್ಳಿ. ಆದರೆ ಆಗಸ್ಟ್‌ನಲ್ಲಿ ಕಂಡ ಎಲ್ಕ್ ಅಕ್ಟೋಬರ್ ಕೊನೆಗೆ ಅಲ್ಲೇ ಇರುತ್ತದೆ ಎಂದುಕೊಳ್ಳಬೇಡಿ. ಸೆಪ್ಟೆಂಬರ್‌ನ ಬೆದೆಗಾಲ ಮುಗಿದ ಮೇಲೆ ಗಂಡುಗಳು ದಣಿದು ದಟ್ಟ ಕಾಡು ಸೇರುತ್ತವೆ, ಹಿಮ ಬಿದ್ದಂತೆ ಹಿಂಡುಗಳು ಕೆಳಗಿಳಿಯುತ್ತವೆ. ಈ ಪ್ರಯಾಣದ ನಿಜವಾದ ಲಾಭ ಬೇರೆ: ಟೆಂಟ್ ಎಲ್ಲಿ ಹಾಕಬಹುದು, ಕಾರು ಎಲ್ಲಿವರೆಗೆ ಹೋಗುತ್ತದೆ, ಆ ಕಮರಿಯಿಂದ ಹೊರೆ ಹೊತ್ತು ಮೇಲೆ ಬರಲು ಸಾಧ್ಯವೇ. ಅನುಮಾನವಿದ್ದರೆ 20 ಕೆಜಿ ನೀರಿನ ಕ್ಯಾನ್ ಹೊತ್ತು ಹತ್ತಿ ನೋಡಿ. ನಾನು ಹಾಗೆ ಮಾಡಿ, ನಕ್ಷೆಯಲ್ಲಿ ಮುದ್ದಾಗಿ ಕಾಣುತ್ತಿದ್ದ ಎರಡು ಜಾಗಗಳನ್ನು ಪಟ್ಟಿಯಿಂದ ಹೊಡೆದುಹಾಕಿದ್ದೇನೆ.

6. ಸಾಮಾನು

ದುಡ್ಡು ಹಾಕಬೇಕಾದದ್ದು ಬೂಟು, ದುರ್ಬೀನು (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ 10x42 ಸಾಕು), ಮತ್ತು ಲೋಹದ ಚೌಕಟ್ಟಿರುವ ಹೊರೆಚೀಲ. ಕೊನೆಯದು ಬಾಡಿಗೆಗೂ ಸಿಗುತ್ತದೆ. ಎಲೆಚಿತ್ತಾರದ ದುಬಾರಿ ಬಟ್ಟೆ ಬೇಕಿಲ್ಲ. ರೈಫಲ್ ಸೀಸನ್‌ನಲ್ಲಿ ಸೊಂಟದ ಮೇಲೆ ಕನಿಷ್ಠ 500 ಚದರ ಅಂಗುಲ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ, ಜೊತೆಗೆ ಅದೇ ಬಣ್ಣದ ಟೋಪಿ ಕಡ್ಡಾಯ. ಹತ್ತಿ ಬಟ್ಟೆ, ಜೀನ್ಸ್ ಬೇಡವೇ ಬೇಡ. ಒದ್ದೆಯಾದರೆ ಮೈ ಶಾಖವನ್ನು ಹೀರಿಬಿಡುತ್ತವೆ. ಉಣ್ಣೆ ಅಥವಾ ಸಿಂಥೆಟಿಕ್ ಪದರಗಳಿರಲಿ.

ಮರೆಯಬಾರದ ಸಣ್ಣವು: ಮಾಂಸ ತುಂಬುವ ಐದಾರು ಬಟ್ಟೆಚೀಲ, ಚೂಪು ಚಾಕು ಎರಡು, ಹಗ್ಗ, ಎರಡು ಹೆಡ್‌ಲ್ಯಾಂಪ್, ಬೆಂಕಿ ಹಚ್ಚುವ ಎರಡು ಬಗೆ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ. ಕಾರಿನಲ್ಲಿ ಸಲಿಕೆ, ಟೈರ್ ಚೈನ್, ಮೂರು ದಿನದ ಹೆಚ್ಚುವರಿ ಊಟ. ಅಕ್ಟೋಬರ್ ಕೊನೆಯಲ್ಲಿ ಒಂದೇ ರಾತ್ರಿ ಒಂದೆರಡು ಅಡಿ ಹಿಮ ಬೀಳುವುದುಂಟು. ನೀವು ಯಾವ ಕಮರಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ, ಬರದಿದ್ದರೆ ಯಾವ ಕೌಂಟಿಯ ಶೆರಿಫ್‌ಗೆ ಫೋನ್ ಮಾಡಬೇಕು ಎಂಬುದನ್ನು ಬರೆದು ಮನೆಯಲ್ಲಿ ಕೊಟ್ಟು ಹೋಗಿ.

7. ಬೇಟೆಯ ದಿನಗಳು

ಕನಿಷ್ಠ ಐದು ದಿನ ಇಟ್ಟುಕೊಳ್ಳಿ. ಸರ್ಕಾರಿ ನೆಲದಲ್ಲಿ ಐದು ಬೇಟೆಗಾರರಲ್ಲಿ ಒಬ್ಬರಿಗೆ ಎಲ್ಕ್ ಸಿಕ್ಕರೆ ಅದು ಒಳ್ಳೆಯ ವರ್ಷ.

ಗಾಳಿಯೇ ಎಲ್ಲ. ಎಲ್ಕ್ ತನ್ನ ಕಣ್ಣನ್ನು ಅನುಮಾನಿಸಬಹುದು, ಮೂಗನ್ನು ಅನುಮಾನಿಸುವುದಿಲ್ಲ. ಬೆಟ್ಟದ ಗಾಳಿಗೆ ದಿನಚರಿ ಇದೆ. ರಾತ್ರಿ ತಣ್ಣಗಾದ ಗಾಳಿ ಮುಂಜಾನೆಯವರೆಗೂ ಕಣಿವೆಯತ್ತ ಇಳಿಯುತ್ತದೆ. ಬಿಸಿಲು ಇಳಿಜಾರನ್ನು ಕಾಯಿಸಿದ ಮೇಲೆ, ಸುಮಾರು ಒಂಬತ್ತು ಹತ್ತು ಗಂಟೆಗೆ, ಮೇಲಕ್ಕೇರುತ್ತದೆ. ಸಂಜೆ ನೆರಳು ಬಿದ್ದ ಕೂಡಲೇ ಮತ್ತೆ ಇಳಿಯುತ್ತದೆ. ಆದ್ದರಿಂದ ಬೆಳಗ್ಗೆ ಕೆಳಗಿನಿಂದ ಅಥವಾ ಅಡ್ಡದಿಂದ ಸಮೀಪಿಸಿ, ಬಿಸಿಲೇರಿದ ಮೇಲೆ ಮೇಲಿನಿಂದ. ಗಾಳಿ ತಿರುಗುವ ಆ ಅರ್ಧ ಗಂಟೆ ಸುಮ್ಮನೆ ಕೂತುಬಿಡಿ. ಸಣ್ಣ ಡಬ್ಬಿಯಲ್ಲಿ ಟಾಲ್ಕಮ್ ಪುಡಿ ಇಟ್ಟುಕೊಂಡು ಆಗಾಗ ಊದಿ ನೋಡಿ. ಹೊಸಬರು ಎಲ್ಕ್ ಕಾಣದೆ ಬರಿಗೈಲಿ ಬರುವುದಕ್ಕೆ ಮೊದಲ ಕಾರಣ ಇದೇ: ಎಲ್ಕ್ ಇತ್ತು, ಇವರ ವಾಸನೆ ಹಿಡಿದು ಹೋಯಿತು.

ಬೆಳಕು ಹರಿಯುವ ಒಂದು ಗಂಟೆ ಮೊದಲೇ ಹುಲ್ಲುಗಾವಲು ಕಾಣುವ ಎತ್ತರದಲ್ಲಿ ಕೂತಿರಬೇಕು. ದುರ್ಬೀನಿನಲ್ಲಿ ಕಾಡಿನ ಅಂಚನ್ನು ಒಂದೊಂದೇ ಪಟ್ಟಿಯಾಗಿ ನೋಡಿ. ಇಡೀ ಪ್ರಾಣಿಯನ್ನು ಹುಡುಕಬೇಡಿ. ಅಡ್ಡಗೆರೆಯಂಥ ಬೆನ್ನು, ತಿಳಿಬಣ್ಣದ ಪೃಷ್ಠ, ಅಲ್ಲಾಡಿದ ಕಿವಿ, ಇಷ್ಟೇ ಕಾಣುವುದು. ಹಗಲಿನಲ್ಲಿ ದಟ್ಟ ಕಾಡಿನೊಳಗೆ ಹತ್ತು ಹೆಜ್ಜೆಗೊಮ್ಮೆ ನಿಂತು ನಡೆಯಬಹುದು. ಮೊದಲ ವರ್ಷದವರಿಗೆ ಅದಕ್ಕಿಂತ ನೀರಿಗೋ ಜಾಡಿಗೋ ಎದುರಾಗಿ ಗಾಳಿ ನೋಡಿಕೊಂಡು ಮರಸು ಕೂರುವುದೇ ವಾಸಿ.

ಈಡಿನ ಸಮಯ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ನಂತರ ಅರ್ಧ ಗಂಟೆಯವರೆಗೆ. ರಸ್ತೆಯ ಮೇಲಿಂದ ಅಥವಾ ರಸ್ತೆ ದಾಟುವಂತೆ ಹೊಡೆಯುವಂತಿಲ್ಲ. ವಾಹನದಲ್ಲಿ ರೈಫಲ್‌ನ ಚೇಂಬರಿನಲ್ಲಿ, ಅಂದರೆ ತೋಟಾ ಸಿಡಿಯುವ ಗೂಡಿನಲ್ಲಿ, ತೋಟಾ ಇರಬಾರದು.

8. ಈಡು

ಮೊದಲು ಖಚಿತವಾಗಲಿ, ಅದು ಎಲ್ಕ್ ಹೌದೇ? ಮೂಸ್ ಅನ್ನು ಎಲ್ಕ್ ಎಂದು ಹೊಡೆದು ಸಿಕ್ಕಿಬೀಳುವವರು ಇದ್ದಾರೆ. ಮೂಸ್ ಕಪ್ಪುಗಂದು, ಮೂತಿ ಜೋತುಬಿದ್ದಂತಿರುತ್ತದೆ, ಮನುಷ್ಯರನ್ನು ಕಂಡರೆ ಓಡದೆ ನಿಂತು ನೋಡುತ್ತದೆ. ಎಲ್ಕ್‌ಗೆ ತಿಳಿಕಂದು ಮೈ, ಗಾಢವಾದ ಕುತ್ತಿಗೆ, ಹಿಂದೆ ತಿಳಿಹಳದಿ ಪೃಷ್ಠ. ಎರಡನೆಯದು, ಅದರ ಹಿಂದೆ ಏನಿದೆ? ದಿಬ್ಬದ ನೆತ್ತಿಯಲ್ಲಿ ಆಕಾಶಕ್ಕೆ ಎದುರಾಗಿ ನಿಂತ ಪ್ರಾಣಿಗೆ ಹೊಡೆಯಬೇಡಿ. ಮೂರನೆಯದು, ಹಿಂಡಿನಲ್ಲಿ ಒಂದರ ಹಿಂದೆ ಇನ್ನೊಂದು ಇದೆಯೇ?

ಪ್ರಾಣಿ ಅಡ್ಡ ನಿಂತಿರಬೇಕು. ಮುಂಗಾಲಿನ ಹಿಂಬದಿಯ ಗೆರೆಯಲ್ಲಿ, ಮೈಯ ಕೆಳಗಿನಿಂದ ಮೂರನೇ ಒಂದು ಭಾಗದ ಎತ್ತರಕ್ಕೆ ಗುರಿ ಇಡಿ. ಶ್ವಾಸಕೋಶ, ಗುಂಡಿಗೆ ಅಲ್ಲಿವೆ. ಬಿದ್ದಂತೆ ಕಾಣದಿದ್ದರೆ ಇನ್ನೊಂದು ಈಡಿಗೆ ಸಿದ್ಧರಾಗಿರಿ. ಎಲ್ಕ್ ಗಟ್ಟಿಜೀವ, ಮಾರಣಾಂತಿಕ ಏಟು ತಿಂದೂ ನಿಂತೇ ಇರಬಲ್ಲದು. ಕಣ್ಮರೆಯಾದರೆ ಅರ್ಧ ಗಂಟೆ ಕಾಯಿರಿ, ನಿಂತಿದ್ದ ಜಾಗಕ್ಕೆ ಹೋಗಿ ರಕ್ತ, ಕೂದಲು ಹುಡುಕಿ, ಪ್ರತಿ ಗುರುತಿಗೂ ಒಂದು ಬಣ್ಣದ ಪಟ್ಟಿ ಕಟ್ಟುತ್ತ ಹೋಗಿ. ನೊರೆನೊರೆಯ ತಿಳಿಗೆಂಪು ರಕ್ತವಾದರೆ ಶ್ವಾಸಕೋಶ, ದೂರ ಹೋಗಿರುವುದಿಲ್ಲ. ಹಸಿರು ಬೆರೆತ ವಾಸನೆಯಾದರೆ ಹೊಟ್ಟೆ; ಹಲವು ಗಂಟೆ ಕಾಯಬೇಕು, ಬೆನ್ನಟ್ಟಿದರೆ ಮೈಲಿಗಟ್ಟಲೆ ಹೋಗುತ್ತದೆ. ಗುಂಡು ತಪ್ಪಿತು ಎಂದು ಅನ್ನಿಸಿದರೂ ಹೋಗಿ ನೋಡದೆ ಬರಬಾರದು.

9. ಮಾಂಸ

ಪ್ರಾಣಿ ಸಿಕ್ಕ ಕೂಡಲೇ ಟ್ಯಾಗ್‌ಗೆ, ಅಂದರೆ ಪರವಾನಗಿಯ ಚೀಟಿಗೆ, ಸಹಿ, ದಿನಾಂಕ ಹಾಕಿ. ಫೋಟೊ ಆಮೇಲೆ.

ಎಲ್ಕ್‌ನ ಚರ್ಮ ದಪ್ಪ, ಮೈ ದೊಡ್ಡದು, ಒಳಗಿನ ಶಾಖ ಹೊರಬರುವುದಿಲ್ಲ. ಹೊರಗೆ ಹಿಮವಿದ್ದರೂ ತೊಡೆಮೂಳೆಯ ಸುತ್ತ ಮಾಂಸ ಹುಳಿಯುತ್ತದೆ. ಆದ್ದರಿಂದ ಚರ್ಮ ತೆಗೆಯುವುದೇ ಮೊದಲ ಕೆಲಸ. ಕರುಳು ಬಗೆಯದೆ ಮಾಡುವ ವಿಧಾನ ಹೊಸಬರಿಗೆ ಸುಲಭ. ಒಂದು ಮಗ್ಗುಲಿಗೆ ಮಲಗಿಸಿ, ಬೆನ್ನಿನ ಗೆರೆಯಿಂದ ಹೊಟ್ಟೆಯ ಕಡೆಗೆ ಚರ್ಮ ಸುಲಿಯಿರಿ. ಮುಂಗಾಲು ಮೈಗೆ ಕೀಲಿನಿಂದ ಕೂಡಿಲ್ಲ, ಮಾಂಸ ಕೊಯ್ದರೆ ಕಳಚಿ ಬರುತ್ತದೆ. ಹಿಂಗಾಲನ್ನು ಸೊಂಟದ ಗುಂಡುಕೀಲಿನಲ್ಲಿ ಬಿಡಿಸಬೇಕು. ಬೆನ್ನುಮೂಳೆಯ ಪಕ್ಕದ ಉದ್ದನೆಯ ಬೆನ್ನಮಾಂಸ, ಕುತ್ತಿಗೆ, ಪಕ್ಕೆಯ ನಡುವಿನದ್ದು ತೆಗೆದು, ಕೊನೆಯ ಪಕ್ಕೆಲುಬಿನ ಹಿಂದೆ ಕೈ ಹಾಕಿ ಒಳಗಿನ ಮೃದು ಪಟ್ಟಿಯನ್ನು ಬಿಡಿಸಿ. ಆಮೇಲೆ ಮಗುಚಿ ಇನ್ನೊಂದು ಮಗ್ಗುಲು. ನಾಲ್ಕೂ ಕಾಲು, ಬೆನ್ನಮಾಂಸ, ಒಳಪಟ್ಟಿ ಇವಿಷ್ಟನ್ನಾದರೂ ತರಲೇಬೇಕು ಎಂಬುದು ಕಾನೂನು. ಉಳಿದದ್ದನ್ನೂ ತನ್ನಿ, ಈಲಿ, ಗುಂಡಿಗೆ ಬಿಟ್ಟು ಬರಬೇಡಿ.

ಹೊಸಬರು ತಪ್ಪುವ ಜಾಗ ಒಂದಿದೆ. ಹೆಣ್ಣೋ ಗಂಡೋ ಎಂದು ತೋರಿಸುವ ಅಂಗ ಒಂದು ತುಂಡಿಗಾದರೂ ಸಹಜವಾಗಿ ಅಂಟಿಕೊಂಡೇ ಇರಬೇಕು. ಚೊಕ್ಕಟ ಮಾಡುವ ಭರದಲ್ಲಿ ಅದನ್ನು ಕತ್ತರಿಸಿ ಎಸೆದು ದಂಡ ಕಟ್ಟಿದವರಿದ್ದಾರೆ.

ತುಂಡುಗಳನ್ನು ಬಟ್ಟೆಚೀಲಕ್ಕೆ ಹಾಕಿ ನೆರಳಿನಲ್ಲಿ, ಗಾಳಿ ಆಡುವಲ್ಲಿ ಕೊಂಬೆಗೆ ನೇತುಹಾಕಿ. ಪ್ಲಾಸ್ಟಿಕ್ ಚೀಲ ಬೇಡ, ಬೆವೆತು ಕೆಡುತ್ತದೆ. ಕಳೇಬರದಿಂದ ನೂರು ಗಜ ದೂರ ಕಟ್ಟಿ. ಕರಡಿ ಬಂದರೆ ಮೊದಲು ಹೋಗುವುದು ಕರುಳಿನ ವಾಸನೆಗೆ. ಎರಡನೇ ಹೊರೆಗೆ ವಾಪಸ್ ಹೋಗುವಾಗ ದೂರದಿಂದಲೇ ದುರ್ಬೀನಿನಲ್ಲಿ ನೋಡಿ, ಮಾತಾಡುತ್ತ ಹೋಗಿ. ಮೊದಲ ಹೊರೆಯಲ್ಲಿ ಹಿಂತೊಡೆ ತನ್ನಿ. ಅದೇ ಭಾರ, ಅದೇ ಬೇಗ ಕೆಡುವುದು. ಮೈಯಲ್ಲಿ ಶಕ್ತಿ ಇರುವಾಗಲೇ ಅದು ಕಾರು ಸೇರಲಿ.

10. ಮನೆಗೆ ತಂದ ಮೇಲೆ

ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಜಿಂಕೆ ಜಾತಿಯ ಮಿದುಳನ್ನು ಸವೆಸಿ ಕೊಲ್ಲುವ ರೋಗ, ಮೊದಲು ಕಂಡದ್ದೇ ಕೊಲರಾಡೊದಲ್ಲಿ, 1967ರಲ್ಲಿ. ಮನುಷ್ಯರಿಗೆ ತಗುಲಿದ ಖಚಿತ ಉದಾಹರಣೆ ಇಲ್ಲ. ಆದರೂ ರೋಗ ಇರುವ ಪ್ರಾಣಿಯ ಮಾಂಸ ತಿನ್ನಬಾರದು ಎಂದೇ ಆರೋಗ್ಯ ಇಲಾಖೆಗಳು ಹೇಳುತ್ತವೆ. ಇದನ್ನು ಹರಡುವ ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನ್ ಅಡುಗೆಯ ಬಿಸಿಗೆ ಸಾಯುವುದಿಲ್ಲ, ಕುಕ್ಕರ್ ಎಷ್ಟು ಕೂಗಿದರೂ ಅಷ್ಟೇ. ತಲೆಯನ್ನು ಸಿಪಿಡಬ್ಲ್ಯೂ ಕಚೇರಿಗೆ ಕೊಟ್ಟು ಪರೀಕ್ಷೆ ಮಾಡಿಸಿ. ಕೆಲವು ವಲಯಗಳಲ್ಲಿ ಅದು ಕಡ್ಡಾಯ. ಹಾಗಾಗಿ ಹೊರುವ ಲೆಕ್ಕಕ್ಕೆ ತಲೆಯನ್ನೂ ಸೇರಿಸಿಕೊಳ್ಳಿ. ಫಲಿತಾಂಶ ಬರುವವರೆಗೆ ಯಾರಿಗೂ ಹಂಚಬೇಡಿ. ಮಿದುಳು, ಬೆನ್ನುಹುರಿ ಇರುವ ಭಾಗಗಳನ್ನು ಗಡಿ ದಾಟಿಸಲು ಅನೇಕ ರಾಜ್ಯಗಳು ಬಿಡುವುದಿಲ್ಲ, ಟೆಕ್ಸಸ್, ಕ್ಯಾಲಿಫೋರ್ನಿಯಾ ಕಡೆಗೆ ಒಯ್ಯುವವರು ಮೂಳೆ ಬಿಡಿಸಿಯೇ ಹೊರಡಿ. ಬೇಟೆಯ ಮಾಂಸ ಮಾರುವುದು ಅಪರಾಧ, ಸ್ನೇಹಿತರಿಗೆ ಕೊಡಬಹುದು.

ಸೀಸನ್‌ನಲ್ಲಿ ಮಾಂಸ ಕತ್ತರಿಸಿಕೊಡುವ ಅಂಗಡಿಗಳು ತುಂಬಿ ತುಳುಕುತ್ತವೆ, ಹೊರಡುವ ಮೊದಲೇ ಫೋನ್ ಮಾಡಿ ವಿಚಾರಿಸಿ. ಮನೆಯಲ್ಲೇ ಮಾಡುವುದಾದರೆ ಇಬ್ಬರಿಗೆ ಎರಡು ಸಂಜೆಯ ಕೆಲಸ. ಎಲ್ಕ್ ಮಾಂಸದಲ್ಲಿ ಕೊಬ್ಬು ತೀರ ಕಡಿಮೆ. ಬೆನ್ನಮಾಂಸವನ್ನು ಕುಕ್ಕರ್‌ಗೆ ಹಾಕಿದರೆ ಹಗ್ಗವಾಗುತ್ತದೆ. ಕಾದ ಬಾಣಲೆಯಲ್ಲಿ ಮೆಣಸು, ಉಪ್ಪು ಹಾಕಿ ಎರಡೂ ಬದಿ ಹುರಿದು ತೆಗೆಯಿರಿ. ಸಾರಿಗೆ ಬೇಕಾದದ್ದು ಮೊಣಕಾಲ ಕೆಳಗಿನ ನರನರ ಮಾಂಸ ಮತ್ತು ಕುತ್ತಿಗೆ. ಕೊಡಗಿನ ಹುಳಿರಸ ಕಾಚಂಪುಳಿ ಇದ್ದರೆ ಕೊನೆಗೆ ಒಂದು ಚಮಚ ಬಿಟ್ಟು, ಸಣ್ಣ ಉರಿಯಲ್ಲಿ ಇನ್ನಷ್ಟು ಹೊತ್ತು ಇಡಿ.